ತಮ್ಮನ ರಕ್ತ, ನಾವು ಕಾದ ವರ್ಷ

ಅಮ್ಮನಿಗೆ ಬಳೆ ತೊಡಿಸುವ ದಿನ ದೊಡ್ಡಮ್ಮ ನನ್ನ ಗಲ್ಲ ಹಿಡಿದು, "ನಿಂಗೆ ಔಷಧಿ ಬರ್ತಾ ಇದೆ ಕಣೇ ಚೈತ್ರಾ. ಈ ಮಗು ಹುಟ್ಲಿ, ಆಮೇಲೆ ನೀನು ಎದ್ದು ಓಡಾಡ್ತೀಯ ನೋಡು" ಅಂದರು.

ನನಗಾಗ ಒಂಬತ್ತು ವರ್ಷ. ಮನೆಗೆ ಪಾಪು ಬರುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ಅದು ಔಷಧಿಯಾಗಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಮ್ಮನ ಕಡೆ ನೋಡಿದೆ. ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಕೂತಿದ್ದ ಅಮ್ಮ ದೊಡ್ಡಮ್ಮನನ್ನು ದುರುಗುಟ್ಟಿ ನೋಡಿದಳು. ಆದರೆ ಇಲ್ಲ ಎನ್ನಲಿಲ್ಲ. ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ನಮ್ಮ ಬಾಡಿಗೆಯ ಪುಟ್ಟ ಕ್ವಾರ್ಟರ್ಸಿನ ಹಾಲಿನ ತುಂಬ ಹೆಂಗಸರು. ಎಲ್ಲರೂ ಒಮ್ಮೆ ಅಮ್ಮನ ಹೊಟ್ಟೆ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು.

ನಾನು ಹುಟ್ಟಿದಾಗ ಅಳಲಿಲ್ಲವಂತೆ. ಅತ್ತಾಗ ತಡವಾಗಿತ್ತು. ಅಷ್ಟರಲ್ಲಿ ಉಸಿರು ಸಾಲದೆ ಮಿದುಳಿಗೆ ಪೆಟ್ಟು ಬಿದ್ದಿತ್ತು. ಕಾಲೆರಡೂ ಬಿಗಿ, ಎಡಗೈ ಸದಾ ಮುಷ್ಟಿ, ಮಾತು ನಿಧಾನ. ತಲೆಯೊಳಗೆ ವಾಕ್ಯ ಸಲೀಸಾಗಿ ಓಡುತ್ತದೆ, ನಾಲಿಗೆ ಮಾತ್ರ ಹಿಂದೆ ಉಳಿಯುತ್ತದೆ. ಕೇಳುವವರಿಗೆ ತಾಳ್ಮೆ ಇರುವುದಿಲ್ಲ. ಅರ್ಧದಲ್ಲೇ ನನ್ನ ವಾಕ್ಯವನ್ನು ಅವರೇ ಮುಗಿಸಿಬಿಡುತ್ತಾರೆ, ಸಾಮಾನ್ಯವಾಗಿ ತಪ್ಪಾಗಿ.

ಅಪ್ಪ ಭದ್ರಾವತಿ–ಶಿವಮೊಗ್ಗ ನಡುವೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ವಾರದಲ್ಲಿ ಕೆಲವು ದಿನ ಅದೇ ಬಸ್ಸಿನಲ್ಲಿ ಅಮ್ಮ ನನ್ನನ್ನು ಶಿವಮೊಗ್ಗಕ್ಕೆ, ಫಿಸಿಯೋಥೆರಪಿ ಮಾಡುವ ಶೈಲಾ ಮೇಡಂ ಹತ್ತಿರ ಕರೆದೊಯ್ಯುತ್ತಿದ್ದಳು. ಅಪ್ಪ ನನ್ನನ್ನು ಎತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದ ಮೇಲೇ ರೈಟ್ ಹೇಳುತ್ತಿದ್ದ. ನಡೆಯಲಾಗದವರಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕು ದುರ್ಗಿಗುಡಿಯ ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅಮ್ಮ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಹತ್ತುತ್ತಿದ್ದಳು. ಬಸುರಾದ ಮೇಲೆ ಅದಾಗಲಿಲ್ಲ. ಆಗ ಪಕ್ಕದ ಮನೆಯ ಸೆಲ್ವಿ ಅಕ್ಕ ಜೊತೆಗೆ ಬರತೊಡಗಿದರು. ಅವರ ಗಂಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ಮನೆಮಾತು ತಮಿಳು. ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ನನ್ನನ್ನು ಬೈಯುತ್ತಲೇ ಹೊತ್ತು ಮೇಲೇರುತ್ತಿದ್ದರು.

ಅಮ್ಮನ ತಲೆಗೆ ಈ ವಿಚಾರ ಹೊಕ್ಕಿದ್ದು ಹೆರಿಗೆ ಡಾಕ್ಟರರ ಕ್ಲಿನಿಕ್ಕಿನಲ್ಲಿ. ಕಾಯುವ ಜಾಗದಲ್ಲಿ ನಗುವ ಮಗುವಿನ ಪೋಸ್ಟರ್ ಇತ್ತು. ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಬಿಸಾಡಬೇಡಿ, ತೆಗೆದಿಡಿ ಎಂದು ಬರೆದಿತ್ತು. ಅಂಥ ರಕ್ತವನ್ನು ನನ್ನಂಥ ಮಕ್ಕಳಿಗೆ ಕೊಟ್ಟು ನೋಡುತ್ತಿದ್ದಾರೆ ಎಂದು ಅಮ್ಮ ಎಲ್ಲೋ ಕೇಳಿದ್ದಳು. ಡಾಕ್ಟರರನ್ನು ಕೇಳಿದಳು. "ತೆಗೆದಿಡೋದು ನಿಮ್ಮಿಷ್ಟ. ಅದ್ರಿಂದ ಹೀಗಾಗತ್ತೆ ಅಂತ ನಾನು ಮಾತು ಕೊಡಲ್ಲಮ್ಮ" ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಬೆಂಗಳೂರಿನ ನರರೋಗದ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಅಂದರು. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಎಲ್ಲರಿಗೂ ಕೊಡುವ ಚಿಕಿತ್ಸೆಯಲ್ಲ, ಹುಟ್ಟುವ ಮಗುವಿನ ರಕ್ತ ನನ್ನದಕ್ಕೆ ಹೊಂದಬೇಕು, ಆಸ್ಪತ್ರೆಯ ಸಮಿತಿ ಅನುಮತಿ ಕೊಡಬೇಕು. ಅಮ್ಮ ಇಷ್ಟನ್ನೂ ಕೇಳಿಸಿಕೊಂಡಳು. ಬಸ್ಸಿನಲ್ಲಿ ಬರುವಾಗ ಅಪ್ಪನಿಗೆ ಹೇಳಿದ್ದು ಇಷ್ಟೇ: "ಆಗಲ್ಲ ಅಂತ ಹೇಳ್ಲಿಲ್ಲ ರೀ."

ಅಲ್ಲಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಅಮ್ಮ ಶಿಶುವಿಹಾರದಲ್ಲಿ ಟೀಚರ್. ಮೂವತ್ತು ಪುಟಾಣಿಗಳನ್ನು ಸಲೀಸಾಗಿ ಸಂಭಾಳಿಸುವವಳು ಮನೆಗೆ ಬಂದು ಒಲೆ ಮೇಲಿಟ್ಟ ಹಾಲನ್ನೇ ಮರೆಯುತ್ತಿದ್ದಳು. ನನಗೂ ಅಷ್ಟೇ. ದೊಡ್ಡಮ್ಮನ ಮಾತು ಕೇಳಿದ ಮೇಲೆ ಅಮ್ಮನ ಹೊಟ್ಟೆಯನ್ನು ಮುಟ್ಟುವುದಕ್ಕೇ ಹೆದರಿಕೆ. ಒಳಗಿರುವ ಪಾಪುವಿಗೆ ನನ್ನ ಮೇಲೆ ಕೋಪ ಬಂದಿದ್ದರೆ? ನನಗೋಸ್ಕರ ಅದನ್ನು ಕರೆಸಿಕೊಳ್ಳುತ್ತಿದ್ದಾರಲ್ಲ.

ಹೆರಿಗೆ ಆಗಿದ್ದು ಶಿವಮೊಗ್ಗದಲ್ಲಿ, ಒಂದು ಬೆಳಿಗ್ಗೆ. ನಾನು ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಕಾಲಿಗೆ ಬಿಗಿದ ಪಟ್ಟಿಗಳು ಉರಿಯುತ್ತಿದ್ದವು. ಮೊದಲು ಹೊರಬಂದಿದ್ದು ಮಗುವಲ್ಲ, ಡಬ್ಬಿ. ಥರ್ಮಾಕೋಲಿನ ಪೆಟ್ಟಿಗೆ, ಅದರೊಳಗೆ ರಕ್ತದ ಚೀಲ. ಅಪ್ಪ ಅದನ್ನು ಎರಡೂ ಕೈಯಲ್ಲಿ ದೇವರ ಕಳಶದಂತೆ ಹಿಡಿದು ಕೆಳಗೆ ಓಡಿದ. ರಕ್ತ ತೆಗೆದಿಡುವ ಬ್ಯಾಂಕಿನವರ ಗಾಡಿ ಗೇಟಿನ ಹತ್ತಿರ ಬಂದಿದೆಯೋ ಇಲ್ಲವೋ ನೋಡಲು ದೊಡ್ಡಮ್ಮ ಅವನ ಹಿಂದೆ ಓಡಿದರು. ಆಮೇಲೆ ನರ್ಸ್ ಹಸಿರು ಬಟ್ಟೆಯಲ್ಲಿ ಸುತ್ತಿದ ಪಾಪುವನ್ನು ಎತ್ತಿಕೊಂಡು ಹೊರಗೆ ಬಂದು ಆಚೆ ಈಚೆ ನೋಡಿದರು.

"ಎಲ್ಲಿ ಎಲ್ರೂ? ಗಂಡು ಮಗು ಅಂತ ಹೇಳೋಣ ಅಂದ್ರೆ ಒಬ್ರೂ ಇಲ್ವಲ್ಲ."

"ನಾನಿದೀನಿ" ಅಂದೆ. ಆ ಒಂದು ಪದ ಹೇಳಲು ನನಗೆ ಹಿಡಿಯುವಷ್ಟು ಹೊತ್ತನ್ನೂ ಅವರು ಕಾದರು. ನನ್ನ ಮುಷ್ಟಿ ನೋಡಿದರು, ಕಾಲು ನೋಡಿದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು, ತಮ್ಮ ಕೈಯನ್ನು ಕೆಳಗೆ ಆಸರೆ ಕೊಟ್ಟು, ಅವನನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಅವನು ಜೋರಾಗಿ ಅಳುತ್ತಿದ್ದ. ಮುಖವೆಲ್ಲ ಸುಕ್ಕು. ನನ್ನ ಮೇಲೆ ಕೋಪ ಇದ್ದಂತೆ ಕಾಣಲಿಲ್ಲ, ಹಸಿವಾಗಿತ್ತು ಅಷ್ಟೇ.

ಅವನಿಗೆ ಸುಹಾಸ ಎಂದು ಹೆಸರಿಟ್ಟರು. ನಮ್ಮಿಬ್ಬರ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆಯೂ ಆಯಿತು, ಉತ್ತರ ಬರಲು ವಾರಗಳೇ ಹಿಡಿದವು. ಬಾಣಂತಿ ಅಮ್ಮ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಗ್ಯಾಸಿನವರ ಕರೆ ಬಂದರೂ ಎದ್ದು ಕೂರುತ್ತಿದ್ದಳು. ಹೊಂದುತ್ತದೆ ಎಂಬ ಸುದ್ದಿ ಬಂದಾಗ ಅಮ್ಮ ನನಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಸೀದಾ ಹೋಗಿ ಮಗುವಿನ ಪಾದಕ್ಕೆ ಹಣೆ ಹಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಅಕ್ಕ ಗದರಿದರು: "ಏನಮ್ಮ ಇದು! ಕೂಸಿಗೆ ನಮಸ್ಕಾರ ಮಾಡಿದ್ರೆ ಆಯಸ್ಸು ಕಮ್ಮಿ ಆಗತ್ತೆ. ಎದ್ದೇಳು."

ಇನ್ನೊಂದು ತೊಂದರೆ ಇತ್ತು. ತೆಗೆದಿಟ್ಟ ರಕ್ತದಲ್ಲಿರುವ ಜೀವಕೋಶಗಳು ನನ್ನ ತೂಕಕ್ಕೆ ಸಾಲಬೇಕು. ಈಗಿನ ತೂಕಕ್ಕೆ ಸಾಲುತ್ತದೆ, ಜಾಸ್ತಿಯೇನೂ ಉಳಿಯುವುದಿಲ್ಲ ಎಂದರು ಡಾಕ್ಟರು. ಅನುಮತಿ ಬರುವುದು ತಡವಾಗುತ್ತಾ ಹೋಯಿತು. ನಾನು ಬೆಳೆಯುವ ಹುಡುಗಿ. ಎರಡನೇ ದೋಸೆ ಕೇಳಿದರೆ ಸಟ್ಟುಗ ಹಿಡಿದ ಅಮ್ಮನ ಕೈ ಹೆಂಚಿನ ಮೇಲೆ ನಿಂತುಬಿಡುತ್ತಿತ್ತು. ಹಾಕುತ್ತಿರಲಿಲ್ಲ ಅಂತಲ್ಲ, ಹಾಕುತ್ತಿದ್ದಳು. ಆದರೆ ಆ ನಿಲ್ಲುವ ಕೈಯನ್ನು ನೋಡಿ ನನಗೇ ಸಾಕೆನಿಸುತ್ತಿತ್ತು. ಶೈಲಾ ಮೇಡಂ ನನ್ನ ತೋಳು ಮುಟ್ಟಿ ನೋಡಿ ಅಮ್ಮನನ್ನು ತರಾಟೆಗೆ ತೆಗೆದುಕೊಂಡರು. "ಏನ್ರೀ ಟೀಚರ್, ಮಗೂಗೆ ಊಟ ಕಮ್ಮಿ ಮಾಡಿ ಕಾಲು ಬರ್ಸಕ್ಕಾಗತ್ತಾ? ಸ್ನಾಯು ಬೇಕಲ್ವಾ?" ಅವತ್ತು ಕ್ಲಿನಿಕ್ಕಿನಿಂದ ಇಳಿದು ಅಮ್ಮ ನನಗೆ ಮಸಾಲೆ ದೋಸೆ ಕೊಡಿಸಿದಳು. ತಾನು ಕಾಫಿ ಮಾತ್ರ ಕುಡಿದು ನನ್ನ ತಟ್ಟೆಯನ್ನೇ ನೋಡುತ್ತಾ ಕೂತಳು.

ಕೊನೆಗೂ ಬೆಂಗಳೂರಿನ ಆಸ್ಪತ್ರೆಯಿಂದ ಬನ್ನಿ ಎಂದರು. ನಾನು ದೊಡ್ಡ ಆಪರೇಷನ್ನನ್ನೇ ಊಹಿಸಿಕೊಂಡಿದ್ದೆ. ತಲೆ ಬೋಳಿಸುತ್ತಾರೆ ಎಂದು ಹೆದರಿ ನನ್ನ ಜಡೆಯನ್ನು ಸೆಲ್ವಿ ಅಕ್ಕನ ಕೈಯಲ್ಲಿ ಬಿಗಿಯಾಗಿ ಹೆಣೆಸಿಕೊಂಡಿದ್ದೆ. ಆಗಿದ್ದು ಇಷ್ಟೇ: ಕೈಗೆ ಸೂಜಿ, ನಿದ್ದೆ ಬರಿಸುವ ಒಂದು ಇಂಜೆಕ್ಷನ್, ಮೇಲೆ ತೂಗುಹಾಕಿದ ಚಿಕ್ಕ ಚೀಲ. ಹೆಪ್ಪುಗಟ್ಟಿಸಿ ಇಟ್ಟಿದ್ದನ್ನು ಕರಗಿಸಿ ತಂದಿದ್ದರು. ಅದು ನಾನಂದುಕೊಂಡಷ್ಟು ಕೆಂಪಗಿರಲಿಲ್ಲ. ಹನಿಹನಿಯಾಗಿ ಇಳಿಯಿತು. ನನ್ನ ಬಾಯಲ್ಲಿ ಬೆಳ್ಳುಳ್ಳಿಯ ರುಚಿ ಬಂತು, ಕೋಣೆಯಲ್ಲೆಲ್ಲ ಬೇಯಿಸಿದ ಜೋಳದ ವಾಸನೆ. ಕೋಶಗಳು ಕೆಡದಿರಲಿ ಎಂದು ಬೆರೆಸುವ ಔಷಧದ ವಾಸನೆ ಅದು, ಗಾಬರಿಯಾಗಬೇಡಿ ಎಂದರು ನರ್ಸ್. ಅಮ್ಮ ಒಂದು ಕೈಯಲ್ಲಿ ಸುಹಾಸನಿಗೆ ಹಾಲು ಕುಡಿಸುತ್ತಾ ಇನ್ನೊಂದು ಕೈಯಲ್ಲಿ ನನ್ನ ಪಾದ ಹಿಡಿದಿದ್ದಳು. ಪಾದದಲ್ಲಿ ಏನಾದರೂ ಹರಿದುಬಂದರೆ ತನಗೇ ಮೊದಲು ತಿಳಿಯಲಿ ಎನ್ನುವಂತೆ.

ಏನೂ ಹರಿದುಬರಲಿಲ್ಲ. ನನಗೆ ನಿದ್ದೆ ಬಂತು.

ಕಾಯುವುದೆಂದರೆ ಸುಮ್ಮನೆ ಕೂರುವುದು ಎಂದುಕೊಂಡಿದ್ದೆ. ಅದು ಸುಳ್ಳು. ಊರಿಗೆ ಬಂದ ಮೇಲಿನ ಆ ವರ್ಷದಷ್ಟು ದಣಿವು ನನಗೆ ಯಾವತ್ತೂ ಆಗಿಲ್ಲ. ಎದ್ದ ಕೂಡಲೇ ಹೊದಿಕೆಯೊಳಗೇ ಬೆರಳು ಆಡಿಸಿ ನೋಡುತ್ತಿದ್ದೆ. ಅಮ್ಮ ಬಂದು ನನ್ನ ಎಡ ಅಂಗೈ ಬಿಡಿಸಿ ನಿಂಬೆಹಣ್ಣು ಇಟ್ಟು, "ಹಿಡ್ಕೋ" ಅನ್ನುತ್ತಿದ್ದಳು. ಅದು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. "ಪರವಾಗಿಲ್ಲ, ನಾಳೆ ನೋಡೋಣ." ಬಸ್ಸಿನಲ್ಲಿ ದಿನಾ ಓಡಾಡುವವರು ಅಪ್ಪನನ್ನು ಕೇಳುತ್ತಿದ್ದರು: "ಏನ್ ಮಾರಾಯ, ಮಗಳು ಹೆಜ್ಜೆ ಹಾಕಿದ್ಲಾ?" ಅಪ್ಪ ಟಿಕೆಟ್ ಹರಿಯುತ್ತಾ, "ಹಾಕ್ತಾಳೆ, ಹಾಕ್ತಾಳೆ" ಅನ್ನುತ್ತಿದ್ದ. ನನ್ನ ಸೀಟಿನಿಂದ ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ದೊಡ್ಡಮ್ಮ ಬಂದಾಗಲೆಲ್ಲ ನಿಲ್ಲಿಸಿ ನೋಡುತ್ತಿದ್ದರು, ಸಂತೆಯಲ್ಲಿ ಕರು ನೋಡುವ ಹಾಗೆ. ನಾನು ನನ್ನ ಮೈಯೊಳಗೆ ಬಾಡಿಗೆಗೆ ಇರುವವಳಂತಾಗಿದ್ದೆ. ಇನ್ಯಾರೋ ಬರುವವರಿದ್ದಾರೆ, ಅವರಿಗಾಗಿ ಜಾಗ ಬಿಟ್ಟುಕೊಡಬೇಕು.

ಈ ಮಧ್ಯೆ ಸುಹಾಸ ತನ್ನ ಪಾಡಿಗೆ ಬೆಳೆಯುತ್ತಿದ್ದ. ಬೋರಲು ಬಿದ್ದ, ಅಂಬೆಗಾಲಿಟ್ಟ, ಗೋಡೆ ಹಿಡಿದು ನಿಂತ. ಒಂದು ಮಧ್ಯಾಹ್ನ ನಾನು ಕುರ್ಚಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಸೆಲ್ವಿ ಅಕ್ಕ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಎದುರಿಗೆ ನನ್ನ ವಾಕರ್ ಇತ್ತು, ಮುಂದಿನ ಕಾಲುಗಳಿಗೆ ಚಕ್ರ ಇರುವಂಥದ್ದು. ಸುಹಾಸ ಅದರ ಕೆಳಗಿನ ಸರಳು ಹಿಡಿದು ಎದ್ದ. ವಾಕರ್ ಒಂದಿಷ್ಟು ಮುಂದೆ ಸರಿಯಿತು. ಅವನೂ ಸರಿದ. ಮತ್ತೆ ಅದು ಸರಿಯಿತು. ಆಮೇಲೆ ಅವನು ಅದನ್ನು ಬಿಟ್ಟ. ಬಿಟ್ಟು, ಎರಡೂ ಕೈ ಅಗಲ ಮಾಡಿಕೊಂಡು, ಕುಡಿದವನ ಹಾಗೆ ತೂರಾಡುತ್ತಾ ಬಾಗಿಲವರೆಗೆ ನಡೆದುಬಿಟ್ಟ.

ಸೆಲ್ವಿ ಅಕ್ಕ ತಮಿಳಿನಲ್ಲಿ ಕಿರುಚಿದರು. ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಅವನನ್ನು ನೋಡಿ ಚಪ್ಪಾಳೆ ತಟ್ಟಿದಳು. ತಟ್ಟುತ್ತಾ ತಟ್ಟುತ್ತಾ ನನ್ನ ಕಡೆ ತಿರುಗಿದಳು. ಚಪ್ಪಾಳೆ ನಿಂತುಹೋಯಿತು. ಕೈಗಳು ಗಾಳಿಯಲ್ಲಿ ಒಂದರೆದುರು ಒಂದು ಹಾಗೇ ಉಳಿದವು.

ಸುಹಾಸ ಬಾಗಿಲಲ್ಲಿ ಕುಕ್ಕರಿಸಿ ಬಿದ್ದು ಅಮ್ಮನನ್ನೇ ನೋಡಿದ. ಚಪ್ಪಾಳೆ ಯಾಕೆ ನಿಂತಿತೆಂದು ಅವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ನನ್ನನ್ನು ಚುಚ್ಚಿದ್ದು ನಾನು ನಡೆಯಲಿಲ್ಲವಲ್ಲ ಎಂಬ ದುಃಖವಲ್ಲ. ಅವನು ಮೊದಲ ಸಲ ನಡೆದ ದಿನ, ಅವನಿಗೆ ಸಿಗಬೇಕಾದ ಚಪ್ಪಾಳೆಯನ್ನು ನಾನು ಅಲ್ಲಿ ಕೂತಿದ್ದೇ ಕಿತ್ತುಕೊಂಡಿತ್ತು.

"ತಟ್ಟು ಅಮ್ಮ" ಅಂದೆ. ಮಾತು ಅಂಟಿಕೊಂಡಿತು. ಸೆಲ್ವಿ ಅಕ್ಕ ಮುಗಿಸಲು ಬಾಯಿ ತೆರೆದರು, ನಾನು ತಲೆ ಅಲ್ಲಾಡಿಸಿ ತಡೆದೆ. "ತಟ್ಟು. ಅವ್ನು ನಡೆದ. ನಿಲ್ಲಿಸ್ಬೇಡ."

ಅಮ್ಮ ನೆಲಕ್ಕೆ ಕುಸಿದು ಜೋರಾಗಿ ಅತ್ತಳು. ಆ ವರ್ಷವೆಲ್ಲ ಅವಳು ಹಾಗೆ ಅತ್ತಿರಲಿಲ್ಲ. ಅತ್ತರೆ ಅಪಶಕುನ ಎಂದುಕೊಂಡಿದ್ದಳೋ ಏನೋ. ಸೆಲ್ವಿ ಅಕ್ಕ ಹುರುಳಿಕಾಯಿ ಬದಿಗಿಟ್ಟು ತಾವೇ ಚಪ್ಪಾಳೆ ತಟ್ಟಿದರು. ನಾನು ನನ್ನ ಬಲಗೈಯಿಂದ ತೊಡೆ ತಟ್ಟಿದೆ. ಸುಹಾಸ ನಗುತ್ತಾ ಮತ್ತೆ ಎದ್ದು ನಿಂತ.

ಅದಾದ ಮೇಲೆ ನಿಂಬೆಹಣ್ಣಿನ ಪರೀಕ್ಷೆ ನಿಂತಿತು.

ಡಾಕ್ಟರು ಹೇಳಿದ ಹೊತ್ತಿಗೆ ಮತ್ತೆ ಬೆಂಗಳೂರಿಗೆ ಹೋದೆವು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಎಡಗೈ ಮೊದಲಿಗಿಂತ ಸಡಿಲವಾಗಿದೆ, ಪುಸ್ತಕದ ಹಾಳೆ ಒತ್ತಿ ಹಿಡಿಯುತ್ತಾಳೆ. ಮಾತು ಸ್ವಲ್ಪ ತಿಳಿಯಾಗಿದೆ. ಕಾಲು ಹಾಗೇ ಇದೆ. "ಇದು ಆ ರಕ್ತದಿಂದ ಆಗಿದ್ದಾ?" ಎಂದು ಅಮ್ಮ ಕೇಳಿದಳು.

"ಹೇಳಕ್ಕಾಗಲ್ಲಮ್ಮ. ವ್ಯಾಯಾಮದಿಂದ ಆಗಿರಬಹುದು. ಮಗು ಬೆಳೀತಾ ಬಂದ ಹಾಗೆ ತಾನಾಗೇ ಆಗಿರಬಹುದು. ಆ ರಕ್ತಾನೂ ಕೈ ಜೋಡಿಸಿರಬಹುದು. ಒಂದು ಮಗೂನ ನೋಡಿ ನಾನು ಇದೇ ಕಾರಣ ಅಂದ್ರೆ ಸುಳ್ಳು ಹೇಳಿದ ಹಾಗಾಗತ್ತೆ."

ವಾಪಸು ಬರುವ ರೈಲು ತರೀಕೆರೆ ದಾಟಿತು. ಅಮ್ಮ ಒಮ್ಮೆಲೇ, "ಇಲ್ಲ ಅಂದಿದ್ರೂ ತಡ್ಕೋತಿದ್ದೆ ರೀ. ಹೇಳಕ್ಕಾಗಲ್ಲ ಅಂದ್ರೆ ಎಲ್ಲಿಗೆ ಹೋಗಿ ಸಾಯ್ಲಿ?" ಅಂದಳು. ಅಪ್ಪ ಕಿಟಕಿಯಾಚೆ ನೋಡುತ್ತಾ, "ಎಲ್ಲಿಗೂ ಬೇಡ. ಭದ್ರಾವತಿ ಬಂತು, ಇಳಿಯೋಣ" ಅಂದ. ಅಮ್ಮನಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಎರಡೂ ಒಟ್ಟಿಗೇ ಇದ್ದವು.

ಶೈಲಾ ಮೇಡಂ ಮಾತ್ರ ಆ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿ, "ಯಾರಿಂದ ಆಯ್ತೋ ಬಿಡಿ. ಈ ಬೆರಳು ಈಗ ಕೆಲಸ ಕೇಳ್ತಾ ಇದೆ, ಕೊಡೋಣ" ಅಂದರು. ಅವತ್ತಿನಿಂದ ಚಪಾತಿ ಹಿಟ್ಟು ನಾದುವುದು ನನ್ನ ಪಾಲಿಗೆ ಬಂತು. ಮನೆಯವರು ತಿಂಗಳುಗಟ್ಟಲೆ ಗಂಟುಗಂಟು ಚಪಾತಿ ತಿಂದರು.

ಬೆನ್ನುಹುರಿಗೆ ಮತ್ತೆ ಮತ್ತೆ ಚುಚ್ಚಿ ಎಂಥವರನ್ನೂ ನಡೆಸುತ್ತೇವೆ ಎನ್ನುವವರ ವಿಡಿಯೋಗಳನ್ನು ನೆಂಟರು ಆಮೇಲೂ ಕಳಿಸುತ್ತಿದ್ದರು. ಅಮ್ಮ ಕೆಲವನ್ನು ಪೂರ್ತಿ ನೋಡಿದಳು. ಒಂದು ಕಡೆಗೆ ಫೋನನ್ನೂ ಮಾಡಿದಳು. ಮಗುವನ್ನು ನೋಡುವ ಮೊದಲೇ ಅವರು ಖಂಡಿತ ಸರಿಹೋಗುತ್ತದೆ ಎಂದು ಹೇಳಿದರಂತೆ. ಅಮ್ಮ ಫೋನ್ ಇಟ್ಟು ಬಂದು, "ಖಂಡಿತ ಅಂದ್ಬಿಟ್ರು. ಹೆದರಿಕೆ ಆಯ್ತು" ಅಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಈಗ ನಾನು ಎರಡು ಊರುಗೋಲಿನ ಮೇಲೆ ನಡೆಯುತ್ತೇನೆ. ನಿಧಾನವಾಗಿ, ಆದರೆ ನನ್ನಷ್ಟಕ್ಕೆ ನಾನು. ಶಿವಮೊಗ್ಗದಲ್ಲಿ ಬಿ.ಕಾಂ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಬಸ್ಸಿನ ಮೆಟ್ಟಿಲು ಇಂದಿಗೂ ಎತ್ತರವೇ. ನನ್ನ ಕಾಲು ಇವತ್ತಿಗೂ ಸುಮ್ಮನಿರುವುದಿಲ್ಲ, ಮಲಗಿದಾಗಲೂ ಸೆಟೆದು ಎಳೆಯುತ್ತದೆ. ಮನಸ್ಸೂ ಹಾಗೆಯೇ. ಆ ರಕ್ತ ಕೊಡದೇ ಇದ್ದಿದ್ದರೆ ಹೇಗಿರುತ್ತಿದ್ದೆ ಎಂಬ ಪ್ರಶ್ನೆ ಆಗಾಗ ಬಂದು ಸುತ್ತು ಹೊಡೆದು ಹೋಗುತ್ತದೆ. ಅದಕ್ಕೆ ಉತ್ತರ ಹೇಳಬಲ್ಲ ಇನ್ನೊಬ್ಬ ಚೈತ್ರಾ ಎಲ್ಲೂ ಇಲ್ಲ.

ಇತ್ತೀಚೆಗೆ ಶಿಕಾರಿಪುರದ ಕಡೆಯಿಂದ ಒಂದು ಜೋಡಿ ನಮ್ಮ ಮನೆ ಹುಡುಕಿಕೊಂಡು ಬಂತು. ಎರಡು ವರ್ಷದ ಮಗಳಿಗೆ ನನ್ನದೇ ತೊಂದರೆ. ಆ ತಾಯಿ ಮತ್ತೆ ಬಸುರಿ. ಏನು ಮಾಡಲಿ ಅಕ್ಕ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದಳು. ಡಾಕ್ಟರು ಹೇಳಕ್ಕಾಗಲ್ಲ ಅಂದಿದ್ದನ್ನೂ ಹೇಳಿದಳು. "ಮಾಡ್ಸು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಮಾಡಿಸಿದ್ರೂ ವ್ಯಾಯಾಮ ಬಿಡ್ಬೇಡ. ಬರೋ ಮಗೂನ ಬರೋ ಮಗು ಅಂತಲೇ ನೋಡು" ಅಂದಳು.

ಒಳಗಿನ ಕೋಣೆಯಲ್ಲಿದ್ದ ಸುಹಾಸ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನಿಗೆ ಈ ಕಥೆಯನ್ನು ಯಾರೂ ಪೂರ್ತಿ ಹೇಳಿರಲಿಲ್ಲ. ಬಂದವರು ಹೋದ ಮೇಲೆ ಅವನು ಊಟಕ್ಕೆ ಬರಲಿಲ್ಲ, ಆಡಲೂ ಹೋಗಲಿಲ್ಲ. ಸಂಜೆ ನಾನು ಹಾಲಿನಲ್ಲಿ ಮಾರನೇ ದಿನದ ಇಂಟರ್‌ವ್ಯೂಗೆ ಓದುತ್ತಾ ಕೂತಿದ್ದಾಗ ಬಂದು ನನ್ನ ಊರುಗೋಲುಗಳ ಪಕ್ಕ ನಿಂತ.

"ಅಕ್ಕ, ನಾನು ಕೊಟ್ಟಿದ್ದು ಕೆಲಸ ಮಾಡ್ಲಿಲ್ವಾ?"

ಮಾಡಿತು ಎಂದರೆ ಅವನು ನನ್ನ ಕಾಲು ನೋಡುತ್ತಾನೆ. ಇಲ್ಲ ಎಂದರೆ ತನ್ನನ್ನೇ ನೋಡಿಕೊಳ್ಳುತ್ತಾನೆ. "ಗೊತ್ತಿಲ್ಲ ಕಣೋ" ಅಂದೆ. "ಡಾಕ್ಟರಿಗೂ ಗೊತ್ತಿಲ್ಲ."

ಅವನು ಅಂಗಿಯ ತೋಳು ಮೇಲೆ ಮಡಚಿ ಕೈಯನ್ನು ನನ್ನ ಮುಂದೆ ಚಾಚಿದ.

"ಆಗ ನಾನು ಇಷ್ಟೇ ಇಷ್ಟಿದ್ದೆ. ಅದಕ್ಕೇ ಸಾಲ್ಲಿಲ್ವೇನೋ. ಈಗ ಜಾಸ್ತಿ ಇದೆ. ಮತ್ತೆ ಕೊಡ್ಲಾ?"

ಸೊಳ್ಳೆ ಕಚ್ಚಿದ ಗುರುತುಗಳಿದ್ದ ಸಣಕಲು ಕೈ. ನನ್ನ ಎಡಗೈಯಿಂದಲೇ ಅದನ್ನು ಹಿಡಿದುಕೊಂಡೆ. ಬೆರಳು ಪೂರ್ತಿ ಸುತ್ತಲಿಲ್ಲ, ಆದರೂ ಹಿಡಿದುಕೊಂಡೆ. ಅಂಗಿಯ ತೋಳನ್ನು ಕೆಳಗೆ ಎಳೆದೆ. ನನಗೆ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಅವನು ಕಾದ. ನನ್ನ ವಾಕ್ಯವನ್ನು ಅವನು ಯಾವತ್ತೂ ಮುಗಿಸಿದವನಲ್ಲ.

"ನಂಗೇನೂ ಬೇಡ ಕಣೋ. ನೀನು ಕೊಡ್ಬೇಕಾಗಿರೋದು ಏನೂ ಇಲ್ಲ. ನಾಳೆ ಇಂಟರ್‌ವ್ಯೂ ಇದೆ, ಟಿವಿ ಸೌಂಡ್ ಒಂದು ಕಮ್ಮಿ ಇಟ್ಕೊ, ಸಾಕು."

"ಅಷ್ಟೇನಾ?"

"ಅಷ್ಟೇ."

ಅವನು ತಟ್ಟೆಯಲ್ಲಿ ಅನ್ನ ಹಾಕಿಸಿಕೊಂಡು ಬಂದು ಟಿವಿ ಮುಂದೆ ಕೂತ. ಸದ್ದು ತೀರಾ ಸಣ್ಣಗೆ ಇಟ್ಟ. ಅರ್ಧ ಊಟ ಮುಗಿಯುವಷ್ಟರಲ್ಲಿ ಮ್ಯಾಚ್ ಬಿಗಿಯಾಯಿತು, ಸದ್ದು ಒಂದೊಂದೇ ಮನೆ ಏರಿತು.

"ಲೋ! ಕಮ್ಮಿ ಮಾಡೋ!" ಎಂದು ಕಿರುಚಿದೆ.

"ಒಂದೇ ಓವರ್ ಇದೆ, ಸುಮ್ನಿರೇ!" ಎಂದು ಅವನೂ ತಿರುಗಿ ಕಿರುಚಿದ. ರಿಮೋಟನ್ನು ನನ್ನ ಕೈಗೆ ಸಿಗದಂತೆ ತೊಡೆಯ ಕೆಳಗೆ ಇಟ್ಟುಕೊಂಡ.